ಪಾಟಿ ಹಿಡಿದು ಕೂತವರು

ಎಪ್ಪತ್ತರ ದಶಕದ ಕೊನೆಗೆ ನನಗೆ ಸೊರಟೂರಿನಲ್ಲಿ ಹೆಂಗಸರಿಗೆ ಅಕ್ಷರ ಕಲಿಸುವ ಕೆಲಸ ಸಿಕ್ಕಿತು. ಬೆಟಗೇರಿಯಿಂದ ಮಧ್ಯಾಹ್ನದ ಬಸ್ಸಿಗೆ ಹೋಗಿಬರುತ್ತಿದ್ದೆ. ಮೊದಲ ವಾರ ಹನ್ನೆರಡು ಮಂದಿ ಬಂದರು. ಕಳೆ ತೆಗೆಯುವ ಕಾಲ ಶುರುವಾದ ಮೇಲೆ ಒಬ್ಬರೂ ಬರಲಿಲ್ಲ. ಅವರ ಮನೆಗಳಿಗೆ ಹೋಗಿ ಕರೆಯಬಹುದಿತ್ತು. ಶಾಲೆಯ ಖಾಲಿ ಖೋಲಿಯಲ್ಲಿ ಕೂತು ಹನ್ನೆರಡೂ ಜನರ ಹಾಜರಿ ಹಾಕಿ, ಸಂಜೆಯ ಬಸ್ಸು ಹಿಡಿಯುತ್ತಿದ್ದೆ.

ನಾಲ್ಕು ತಿಂಗಳ ಮೇಲೆ ಕಚೇರಿಯಿಂದ ಕಾಗದ ಬಂತು: ತರಗತಿ ನಡೆದದ್ದಕ್ಕೆ ಪುರಾವೆಯಾಗಿ ಒಂದು ಫೋಟೋ ಕಳಿಸಬೇಕು.

ಗದಗಿನಿಂದ ಫೋಟೋದವನನ್ನು ಕರೆದುಕೊಂಡು ಹೋದೆ. ಮನೆಮನೆಗೆ ಅಲೆದು ಹೆಂಗಸರನ್ನು ಶಾಲೆಯ ಕಟ್ಟೆಯ ಮೇಲೆ ಕೂಡಿಸಿದೆ. ಹನ್ನೆರಡು ಪಾಟಿಗಳ ಮೇಲೆ ನಾನೇ ದುಂಡಗೆ ಅವರವರ ಹೆಸರು ಬರೆದು ಕೈಗೆ ಕೊಟ್ಟೆ. ಕೌದಿ ಹೊಲಿಯುವ ಒಬ್ಬ ಮುಸಲ್ಮಾನ ಹೆಂಗಸು, ನನ್ನ ತಾಯಿಯ ವಯಸ್ಸಿನವರು, ಪಾಟಿಯನ್ನು ತಲೆಕೆಳಗೆ ಹಿಡಿದಿದ್ದರು. ಫೋಟೋದವನು ನಗುತ್ತ ಬಂದು ತಿರುಗಿಸಿ ಹೋದ.

"ಇದರಾಗ ಏನ ಬರದೈತ್ರಿ ಅಕ್ಕಾರ?" ಎಂದು ಅವರು ಕೇಳಿದರು.

"ನಿಮ್ಮ ಹೆಸರ ಐತ್ರಿ."

"ಇಷ್ಟ ಸಣ್ಣದೈತೇನ್ರಿ ನನ್ನ ಹೆಸರು?"

ಫೋಟೋ ಚೆನ್ನಾಗಿ ಬಂದಿತ್ತು. ಕಚೇರಿಯ ಸಾಹೇಬರು ಅದನ್ನು ನೋಡಿ ಮೆಚ್ಚಿಕೊಂಡರು. ಹನ್ನೆರಡು ಮಂದಿ ಓದುಬರಹ ಕಲಿತರೆಂದು ಬರೆದು, ಆ ಊರಿನ ಕೇಂದ್ರ ಮುಗಿಸಿ, ನನ್ನನ್ನು ಮುಂಡರಗಿಗೆ ಹಾಕಿದರು.

ಅಲ್ಲೇ ಉಳಿದಿದ್ದ ಪಾಟಿಗಳನ್ನು ತರಲು ನಾನು ಸೊರಟೂರಿಗೆ ಹೋದ ದಿನ, ಅದೇ ಕೌದಿಯ ಹೆಂಗಸು ಇನ್ನೂ ಮೂವರನ್ನು ಕರೆದುಕೊಂಡು ಬಂದರು.

"ಸುಗ್ಗಿ ಮುಗೀತ್ರಿ ಅಕ್ಕಾರ. ಈಗ ಕುಂಡ್ರತೀವಿ, ಕಲಸ್ರಿ."

ಕೇಂದ್ರ ಮುಚ್ಚಿದೆ ಎಂದೆ.

"ಯಾಕ್ರಿ?"

"ನೀವು ಕಲತೀರಿ ಅಂತ ಕಚೇರಿಗೆ ಫೋಟೋ ಹೋಗೇತ್ರಿ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಪಾಟಿ ಹಿಡದ ಕುಂತದ್ದು ಖರೆ ಐತ್ರಿ. ಕಲತವರು ಯಾರ್ರಿ?"

ನೆಲ ನೋಡುತ್ತ, ಪ್ರತಿ ಐತವಾರ ರಜೆಯ ದಿನ ನಾನಾಗಿಯೇ ಬಂದು ಕಲಿಸುವೆನೆಂದು ಮಾತು ಕೊಟ್ಟೆ.

ಮುಂದಿನ ಐತವಾರ ಹೋದೆ. ನಾನು ಕೂತುಕೊಳ್ಳಲೆಂದು ಆ ಹೆಂಗಸು ಕಟ್ಟೆಯ ಮೇಲೆ ಹೊಸ ಕೌದಿ ಹಾಸಿದ್ದರು. ತಮ್ಮ ಹೆಸರಿನ ಮೊದಲ ಅಕ್ಷರವನ್ನು ನಾಲ್ವತ್ತು ಸಲ ತಿದ್ದಿದರು. ಕೊನೆಯ ನಾಲ್ಕೈದು ಸಲ ನಾನು ಕೈ ಹಿಡಿಯಬೇಕಾಗಲಿಲ್ಲ.

ಅದರ ಮುಂದಿನ ಐತವಾರ ನನಗೆ ಜಡ್ಡೂ ಇರಲಿಲ್ಲ, ಬೇರೆ ಕೆಲಸವೂ ಇರಲಿಲ್ಲ. ತಲೆಗೆ ಎರೆದುಕೊಂಡೆ, ಊಟ ಮಾಡಿದೆ, ಮಲಗಿದೆ. ಎಚ್ಚರವಾದಾಗ ಬಸ್ಸು ಹೋಗಿತ್ತು. ಹೋಗಿದೆ ಎಂದು ತಿಳಿದಾಗ ನನಗೆ ಹಗುರವೆನಿಸಿತು. ಮತ್ತೆಂದೂ ನಾನು ಸೊರಟೂರಿಗೆ ಹೋಗಲಿಲ್ಲ.