ಹೆಸರಿಲ್ಲದ ಮಾತ್ರೆ ಡಬ್ಬಿ

ಕಳೆದ ವರ್ಷ ಗೌರಿ ಹಬ್ಬದ ಹಿಂದಿನ ದಿನ ನಡೆದದ್ದಿದು. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ನಮ್ಮದು ಚಾಂಪಿಯನ್ ರೀಫ್ಸ್‌ನಲ್ಲಿ ಚಿನ್ನದ ಗಣಿ ಕಾಲದ, ಸಾಲಾಗಿ ಕಟ್ಟಿದ ಲೈನ್ ಮನೆ. ಅಮ್ಮನಿಗೆ ಸಕ್ಕರೆ ಕಾಯಿಲೆ. ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯವರು ಹೊಸ ಔಷಧಿ ಪುಕ್ಕಟೆ ಕೊಡುತ್ತೇವೆ ಎಂದು ಅವಳ ಹೆಸರು ಬರೆದುಕೊಂಡಿದ್ದರು. ತಿಂಗಳಿಗೊಮ್ಮೆ ರೈಲಿನಲ್ಲಿ ಹೋಗಿ, ರಕ್ತ ಕೊಟ್ಟು, ಮಾತ್ರೆ ಡಬ್ಬಿ ತರುತ್ತಿದ್ದಳು.

ನಮ್ಮ ಲೈನಿನಲ್ಲಿ ಸಾರು, ಪಲ್ಯ ಅಕ್ಕಪಕ್ಕದ ಮನೆಗೆ ಹೋಗುವ ಹಾಗೆ ತಲೆನೋವಿನ ಮಾತ್ರೆ, ಕೆಮ್ಮಿನ ಔಷಧಿಯೂ ಹೋಗುತ್ತದೆ. ಪಕ್ಕದ ಮನೆಯ ಸೆಲ್ವಿ ಅಕ್ಕನಿಗೂ ಸಕ್ಕರೆ ಕಾಯಿಲೆ. ಪಾಪ, ಹಬ್ಬಕ್ಕೆ ಒಂದು ಒಬ್ಬಟ್ಟಾದರೂ ತಿನ್ನಲಿ ಎಂದು ಅಮ್ಮ ತನ್ನ ಡಬ್ಬಿಯಿಂದ ಮಾತ್ರೆ ಕೊಟ್ಟಿದ್ದಾಳೆ. ಅಕ್ಕ ತನ್ನ ಮಾತ್ರೆಯ ಜೊತೆ ಅದನ್ನೂ ನುಂಗಿದ್ದಾಳೆ. ಮಧ್ಯಾಹ್ನ ನೀರು ಹಿಡಿಯುವಾಗ ಬೆವರಿ, ನಡುಗಿ, ನಲ್ಲಿಯ ಹತ್ತಿರವೇ ಬಿದ್ದುಬಿಟ್ಟಳು.

ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆವು. ಸಕ್ಕರೆ ಪೂರ್ತಿ ಇಳಿದುಹೋಗಿತ್ತು. ಡಾಕ್ಟರ್ ಗ್ಲೂಕೋಸ್ ಹಾಕಿ, ಯಾವ ಮಾತ್ರೆ ಎಂದು ಕೇಳಿದರು. ಡಬ್ಬಿ ಕೊಟ್ಟೆ. ಅದರ ಮೇಲೆ ಒಂದು ಕ್ರಮಸಂಖ್ಯೆ, ಕೆಳಗೊಂದು ಫೋನ್ ನಂಬರು, ಅಷ್ಟೇ. ಔಷಧಿಯ ಹೆಸರೇ ಇಲ್ಲ.

"ಇದು ಪ್ರಯೋಗಕ್ಕೆ ಕೊಡೋ ಔಷಧಿ ಕಣಮ್ಮ. ಒಳಗೇನಿದೆ, ಎಷ್ಟು ಹೊತ್ತು ಕೆಲಸ ಮಾಡುತ್ತೆ ಅಂತ ಗೊತ್ತಾಗದೆ ನಾನು ಹೇಗೆ ನೋಡಲಿ?" ಎಂದರು ಡಾಕ್ಟರ್.

ಡಬ್ಬಿಯ ಮೇಲಿದ್ದ ನಂಬರಿಗೆ ಫೋನ್ ಮಾಡಿದೆ. ಒಬ್ಬ ಗಂಡಸು ಎತ್ತಿದ. "ಕೆಲವರಿಗೆ ಔಷಧಿ, ಕೆಲವರಿಗೆ ಬರೀ ಹಿಟ್ಟಿನ ಗುಳಿಗೆ ಕೊಡ್ತೀವಿ. ಅದರಲ್ಲಿ ಯಾವುದಿದೆ ಅಂತ ನಮಗೂ ಗೊತ್ತಿರಲ್ಲ ಮೇಡಂ. ಗೊತ್ತಾಗಬಾರದು ಅಂತಾನೇ ಹಾಗೆ ಮಾಡಿರೋದು. ನಿಮ್ಮ ತಾಯಿ ಬೇರೆಯವರಿಗೆ ಕೊಟ್ಟು ನಮ್ಮ ಸ್ಟಡಿ ಹಾಳು ಮಾಡಿದ್ರು" ಎಂದ.

"ನಿನ್ ಸ್ಟಡಿ ಮನೆ ಆಳಾಗೋಗ! ಇಲ್ಲಿ ಒಂದ್ ಜೀವ ಓಗ್ತೈತೆ. ಗೊತ್ತಿರೋರ್ನ ಕರಿ ಮೊದ್ಲು!" ವಾರ್ಡಿನವರೆಲ್ಲ ತಿರುಗಿ ನೋಡಿದರು. ನೋಡಲಿ.

ಕೊನೆಗೆ ಬೆಂಗಳೂರಿನ ಆಸ್ಪತ್ರೆಯ ದೊಡ್ಡ ಡಾಕ್ಟರೇ ಗುಟ್ಟಿನ ಪಟ್ಟಿ ತೆಗೆಸಿ ನೋಡಿ ಫೋನ್ ಮಾಡಿ, ಅದು ಔಷಧಿಯೇ ಎಂದು ನಮ್ಮ ಡಾಕ್ಟರಿಗೆ ವಿವರ ಹೇಳಿದರು. ಮಾರನೆಯ ದಿನದವರೆಗೂ ಡ್ರಿಪ್ ತೆಗೆಯಲಿಲ್ಲ. ಸೆಲ್ವಿ ಅಕ್ಕ ಉಳಿದುಕೊಂಡಳು.

"ಯಾಕಮ್ಮ ಕೊಟ್ಟೆ?" ಎಂದು ಅಮ್ಮನ ಮೇಲೂ ರೇಗಿದೆ.

"ಇಲಿಗೆ, ಮೊಲಕ್ಕೆಲ್ಲ ಕೊಟ್ಟು ನೋಡಿದ್ದೀವಿ, ಏನೂ ಆಗ್ಲಿಲ್ಲ ಅಂದ್ರು. ಇಂಗ್ಲೀಷಲ್ಲಿ ಏನೋ ಓದಿ ಎಬ್ಬೆಟ್ ಒತ್ತಿಸ್ಕೊಂಡ್ರು. ಈಗ ನನ್ಮೇಲೆ ನೋಡ್ತಾವ್ರೆ ಅಂತ ನಂಗೇನ್ ಗೊತ್ತು?" ಎಂದು ಅತ್ತಳು.

ಹೊಸ ಔಷಧಿಯನ್ನು ಯಾರಾದರೂ ಮೊದಲು ನುಂಗಿ ನೋಡಲೇಬೇಕು. ಅಷ್ಟು ನನಗೂ ಅರ್ಥವಾಗುತ್ತದೆ. ಆದರೆ ಇಲಿಗೆ ಹೇಳಿ ತಿಳಿಸಲು ಆಗುವುದಿಲ್ಲ. ನನ್ನ ಅಮ್ಮನಿಗೆ ಹೇಳಬಹುದಿತ್ತಲ್ಲ?

ಹಬ್ಬ ಮುಗಿದ ಮೇಲೆ ಅದೇ ಮನುಷ್ಯನ ಫೋನ್ ಬಂತು. ಸೆಲ್ವಿ ಅಕ್ಕ ಹೇಗಿದ್ದಾರೆ ಎಂದು ಕೇಳುತ್ತಾನೆ ಅಂದುಕೊಂಡೆ.

"ನಿಮ್ಮ ತಾಯಿಯವರನ್ನ ಸ್ಟಡಿಯಿಂದ ತೆಗೆದಿದ್ದೀವಿ ಮೇಡಂ. ನಿಮ್ಮ ಲೈನಲ್ಲಿ ಸಕ್ಕರೆ ಕಾಯಿಲೆಯವರು ಬೇರೆ ಯಾರಾದ್ರೂ ಇದಾರಾ?" ಎಂದ.

ನಾನು ಅಂದದ್ದನ್ನು ಪತ್ರಿಕೆಯಲ್ಲಿ ಅಚ್ಚು ಹಾಕುವ ಹಾಗಿಲ್ಲ. ಅಂದದ್ದಕ್ಕೆ ಇವತ್ತಿಗೂ ನನಗೆ ಬೇಸರವಿಲ್ಲ.