ಮಾದಾಪುರದ ತೊರೆ ನೋಡಿ ಬಂದದ್ದು

ಭಾನುವಾರ ಬೆಳಿಗ್ಗೆ ಕುಶಾಲನಗರದಿಂದ ಹೊರಟ ಬಸ್ಸಿನಲ್ಲಿ ನನಗೂ ಶಾಹಿದಾಗೂ ಒಂದೇ ಸೀಟು ಸಿಕ್ಕಿತು. ಜೂನ್ ಮೊದಲ ವಾರ. ಮಳೆಗಾಲ ಇನ್ನೂ ಹಿಡಿದಿರಲಿಲ್ಲ. ಹಿಂದಿನ ಸಂಜೆ ಒಂದು ಜೋರು ಮಳೆ ಬಂದು ರಸ್ತೆಯ ಧೂಳು ತೊಳೆದು ಹೋಗಿತ್ತು. ಸರ್ಕಾರದ ಕೆಂಪು ಬಸ್ಸಾದ್ದರಿಂದ ಕಂಡಕ್ಟರ್ ನಮ್ಮಿಬ್ಬರಿಗೂ ದುಡ್ಡಿಲ್ಲದ ಟಿಕೆಟ್ ಹರಿದು ಕೊಟ್ಟ.

"ಸುಂಟಿಕೊಪ್ಪದಿಂದ ಆಚೆ ಪ್ರೈವೇಟ್ ಬಸ್ಸು ಮೇಡಂ. ಅಲ್ಲಿ ಈ ರಾಜೋಪಚಾರ ಇಲ್ಲ," ಎಂದು ಶಾಹಿದಾ ನಕ್ಕಳು.

ಶಾಹಿದಾ ನಮ್ಮ ಕರೆಂಟಿನ ಯೋಜನೆಯ ಎಂಜಿನಿಯರ್. ಮಡಿಕೇರಿಯ ಹುಡುಗಿ, ಮಾತು ಕಡಿಮೆ, ನಡಿಗೆ ಬಿರುಸು. ನಾನು ಕುಶಾಲನಗರದ ಪಕ್ಕದ ಒಂದು ಗ್ರಾಮ ಪಂಚಾಯಿತಿಯ ಅಧ್ಯಕ್ಷೆ. ಉತ್ತರ ಕೊಡಗಿನ ಶಾಲೆ, ಆಸ್ಪತ್ರೆ, ನೀರಿನ ಪಂಪು, ಬೀದಿದೀಪಗಳಿಗೆ ಬೇಕಾದ ಕರೆಂಟನ್ನು ಇಲ್ಲೇ, ಹೊಗೆಯಿಲ್ಲದೆ, ನಾವೇ ಮಾಡಿಕೊಳ್ಳಬೇಕೆಂದು ಎರಡು ತಾಲೂಕಿನ ಪಂಚಾಯಿತಿಗಳು ಸೇರಿ ಒಂದು ಯೋಜನೆಗೆ ಕೈಹಾಕಿದ್ದವು. ಮಾತುಕತೆ ಸುತ್ತಿ ಸುತ್ತಿ ಕೊನೆಗೆ ಎರಡು ಜಾಗಕ್ಕೆ ಬಂದು ನಿಂತಿತ್ತು. ಒಂದು, ಮಾದಾಪುರದ ಮೇಲಿನ ಗುಡ್ಡದ ತೊರೆ. ಅದರ ನೀರನ್ನು ಗುಡ್ಡದ ಮೈಯಲ್ಲಿ ಕಾಲುವೆ ಕಡಿದು ಒಯ್ದು ಕೆಳಗೆ ಬೀಳಿಸಿ ವಿದ್ಯುತ್ ತೆಗೆಯುವುದು. ಇನ್ನೊಂದು, ನಮ್ಮೂರಿನ ಗೋಮಾಳ. ಅಲ್ಲಿ ಸೋಲಾರ್ ಹಲಗೆ ಹಾಸುವುದು. ಯಾವುದೆಂದು ಸೋಮವಾರ ಸೋಮವಾರಪೇಟೆಯ ಸಭೆಯಲ್ಲಿ ತೀರ್ಮಾನವಾಗಬೇಕಿತ್ತು. ಅದಕ್ಕೆ ಮೊದಲು ತೊರೆಯನ್ನು ಕಣ್ಣಾರೆ ನೋಡಿ ಬರಬೇಕೆಂದು ನಾವು ಹೊರಟಿದ್ದೆವು.

ನಿಜ ಹೇಳಬೇಕೆಂದರೆ, ತೊರೆ ಚೆನ್ನಾಗಿರಲಿ ಎಂದು ಮನಸ್ಸಿನಲ್ಲೇ ಹರಕೆ ಹೊತ್ತುಕೊಂಡು ಹೊರಟಿದ್ದೆ. ನಮ್ಮೂರಿನ ಉಪಾಧ್ಯಕ್ಷರು ತಿಮ್ಮೇಗೌಡರು, ನನ್ನ ಗಂಡನ ಅಣ್ಣ. ಹಾಸನದ ಕಡೆ ಅಣೆಕಟ್ಟು ಕಟ್ಟಿದಾಗ ಹೊಲ ಮನೆ ನೀರಿನಲ್ಲಿ ಮುಳುಗಿ ಇಲ್ಲಿಗೆ ಬಂದ ಕುಟುಂಬ ನಮ್ಮದು. ಆಗ ಭಾವ ಎಳೆಯ ವಯಸ್ಸಿನವರು. ಹೊರಡುವಾಗ ಅವರು ದನ ಬಿಡುತ್ತಾ ಕೊಟ್ಟಿಗೆ ಬಾಗಿಲಲ್ಲೇ ಹೇಳಿದ್ದರು: "ಒಂದ್ಸಲ ಜಮೀನು ಕೊಟ್ಟು ಬಂದೋರು ನಾವು. ಗೋಮಾಳಾನೂ ಬರಕೊಟ್ಟು ಬಂದ್ಯೋ, ಈ ಊರಲ್ಲಿ ನಿನ್ನ ಮುಖ ಯಾರೂ ನೋಡಲ್ಲ, ಗಿರಿಜಾ."

ಗುಡ್ಡೆಹೊಸೂರಿನಲ್ಲಿ ದುಬಾರೆಗೆ ಹೋಗುವ ಪ್ರವಾಸಿಗಳ ಕಾರುಗಳು ಎಡಕ್ಕೆ ತಿರುಗಿಕೊಂಡವು. ಆನೆಕಾಡು ದಾಟುವಾಗ ಬಸ್ಸಿನೊಳಕ್ಕೆ ಒದ್ದೆ ಎಲೆಯ ವಾಸನೆ ಬಂತು. ಸುಂಟಿಕೊಪ್ಪದಲ್ಲಿ ಇಳಿದು ಪುಟ್ಟ ಹೋಟೆಲೊಂದರಲ್ಲಿ ಪರೋಟ ತಿಂದು ಚಹಾ ಕುಡಿದೆವು. ಹೋಟೆಲಿನವನು ಶಾಹಿದಾಳ ಜೊತೆ ಮಲಯಾಳದಲ್ಲಿ, ನನ್ನ ಜೊತೆ ಕನ್ನಡದಲ್ಲಿ, ಒಳಗಿನ ಅಡುಗೆಯವನ ಜೊತೆ ತಮಿಳಿನಲ್ಲಿ ಮಾತಾಡುತ್ತಾ ಮೂರರಲ್ಲೂ ಒಂದೇ ವಿಷಯ ಹೇಳಿದ: ಮಾದಾಪುರದ ಬಸ್ಸು ಈಗಷ್ಟೇ ಹೋಯಿತು. ಮುಂದಿನದಕ್ಕೆ ಮುಕ್ಕಾಲು ಗಂಟೆ ಕಾದೆವು.

ಅಲ್ಲಿಂದ ಮುಂದೆ ರಸ್ತೆ ಕಾಫಿ ತೋಟಗಳ ನಡುವೆಯೇ ಏರಿ ಇಳಿದು ಹೋಗುತ್ತದೆ. ಮಾದಾಪುರದಲ್ಲಿ ಇಳಿದಾಗ ಅಲ್ಲಿನ ಪಂಚಾಯಿತಿ ಅಧ್ಯಕ್ಷರಾದ ಪೊನ್ನಪ್ಪನವರು ತಮ್ಮ ಹಳೆಯ ಜೀಪಿಗೆ ಒರಗಿ ನಿಂತಿದ್ದರು. ಅರವತ್ತು ದಾಟಿದ ಕೊಡವರು, ಸ್ವಂತ ತೋಟವಿರುವವರು. ತೊರೆಯ ಯೋಜನೆ ಅವರ ತಲೆಯಲ್ಲೇ ಹುಟ್ಟಿದ್ದು. ಅದಕ್ಕಾಗಿ ಅವರು ವರ್ಷಗಟ್ಟಲೆ ಓಡಾಡಿದ್ದರು.

"ಮಳೆಗಾಲದಲ್ಲಿ ಬಂದು ನೋಡಿ ಗಿರಿಜಮ್ಮ," ಎಂದರು ಜೀಪು ಹತ್ತುವ ಮೊದಲೇ. "ಒಂದು ಮರ ಬಿದ್ರೆ ನಾಲ್ಕು ದಿವಸ ಕರೆಂಟಿಲ್ಲ. ಆಸ್ಪತ್ರೆಯಲ್ಲಿ ಸಿಸ್ಟರು ಟಾರ್ಚು ಹಿಡ್ಕೊಂಡು ಹೆರಿಗೆ ಮಾಡಿಸ್ತಾರೆ. ಅದೇ ಹೊತ್ತಲ್ಲಿ ಇಷ್ಟು ನೀರು ಸುಮ್ಮನೆ ಹರಿದು ಹೋಗ್ತದೆ. ಎಂತ ನ್ಯಾಯ ಇದು?"

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನನಗಂತೂ ಆ ಮಾತು ಹಾಲು ಕುಡಿದಷ್ಟು ಸಂತೋಷ ಕೊಟ್ಟಿತು.

ಜೀಪು ನಾಲ್ಕೈದು ಕಿಲೋಮೀಟರ್ ಹೋಗಿ ಒಂದು ಮನೆಯ ಅಂಗಳದಲ್ಲಿ ನಿಂತಿತು. ಮುಂದೆ ನಡೆಯಬೇಕು. ಅದು ಕುಶಾಲಪ್ಪ, ಪುಷ್ಪಾವತಿ ದಂಪತಿಯ ಮನೆ. ಅರೆಭಾಷೆ ಮಾತಾಡುವ ಗೌಡರು. ಎರಡು ಎಕರೆ ಕಾಫಿ, ಒಂದಿಷ್ಟು ಏಲಕ್ಕಿ. ಕೆಲವು ವರ್ಷದ ಹಿಂದೆ ಮಹಾಮಳೆಗೆ ಇಲ್ಲಿನ ಗುಡ್ಡಗಳು ಕುಸಿದಾಗ ಅವರ ಹಳೆಯ ಮನೆ ಮಣ್ಣಿನಡಿ ಹೋಗಿತ್ತು. ಮನೆಯವರೆಲ್ಲ ಹಿಂದಿನ ದಿನವೇ ನೆಂಟರ ಮನೆಗೆ ಹೋಗಿದ್ದರಿಂದ ಉಳಿದುಕೊಂಡರು. ಈಗಿನ ಮನೆ ಹೊಸದು, ಹಳೆಯದರಿಂದ ಸ್ವಲ್ಪವೇ ದೂರ. ಯೋಜನೆಯ ಕಾಲುವೆ ಈ ಮನೆಯ ಹಿಂದಿನ ಗುಡ್ಡದಲ್ಲೇ ಹಾದು ಹೋಗಬೇಕಿತ್ತು.

"ಮತ್ತೆ ಇಲ್ಲೇ ಯಾಕೆ ಕಟ್ಟಿದ್ರಿ?" ಎಂದು ನಾನು ಪುಷ್ಪಾವತಿಯನ್ನು ಕೇಳಿದೆ. ಕೇಳಿದ ಮೇಲೆ ಕೇಳಬಾರದಿತ್ತು ಅನಿಸಿತು.

ಆಕೆ ಬೇಸರ ಮಾಡಿಕೊಳ್ಳಲಿಲ್ಲ. "ತೋಟ ಇಲ್ಲೇ ಉಂಟಲ್ಲ ಅಕ್ಕ. ಬೇರೆ ಕಡೆ ಸೈಟು ಕೊಡ್ತೇವೆ ಅಂದ್ರು. ಅಲ್ಲಿ ಕೂತು ಎಂತ ಮಾಡೋದು? ಈಗ ಜೋರು ಮಳೆ ಬಂದ್ರೆ ಅತ್ತೆನ ಕರ್ಕೊಂಡು ಶಾಲೆಗೆ ಹೋಗಿ ಮಲಗ್ತೇವೆ. ನಿಂತ ಮೇಲೆ ಬರ್ತೇವೆ."

ಕುಶಾಲಪ್ಪ ಹೆಚ್ಚು ಮಾತಾಡಲಿಲ್ಲ. ಕಾಲುವೆಗೆ ಒಪ್ಪಿಗೆಯೋ ಎಂದು ಶಾಹಿದಾ ಕೇಳಿದ್ದಕ್ಕೆ, "ಪೊನ್ನಪ್ಪಣ್ಣ ಊರಿಗೆ ಒಳ್ಳೇದು ಅಂತಲೇ ಮಾಡೋದು. ಬೇಡ ಅಂತ ಹೇಗೆ ಹೇಳೋದು? ಆದ್ರೆ ಹೆದರಿಕೆ ಆಗ್ತದೆ," ಎಂದು ಅಂಗಳದ ತುದಿಗೆ ಹೋಗಿ ನಿಂತುಬಿಟ್ಟರು.

ನಾವು ಗುಡ್ಡ ಹತ್ತುವಾಗ ಮಳೆ ಶುರುವಾಯಿತು. ಮೊದಲು ಹನಿ, ಆಮೇಲೆ ಕೊಡೆ ಹಿಡಿದರೂ ನೆನೆಸುವಂಥ ಮಳೆ. ಮಣ್ಣು ಹೇಗಿದೆ ನೋಡಲು ಹಿಂದಿನ ಬೇಸಿಗೆಯಲ್ಲಿ ಒಂದು ತುಂಡು ಕಾಲುವೆಯನ್ನು ಕಡಿದಿಟ್ಟಿದ್ದರು. ಪಕ್ಕದಲ್ಲಿ ಗುಡ್ಡ ಕಡಿದು ಉಳಿದ ಎರಡಾಳೆತ್ತರದ ಮಣ್ಣಿನ ಗೋಡೆ, ಇಲ್ಲಿನವರ ಮಾತಿನಲ್ಲಿ ಬರೆ. ಅದರ ಬುಡದಲ್ಲಿ ಕಾಲುದಾರಿ. ಪೊನ್ನಪ್ಪನವರು ಮುಂದೆ ಹೋಗುತ್ತಾ ತೊರೆ ಬೀಳುವ ಜಾಗವನ್ನು ಕೈಮಾಡಿ ತೋರಿಸುತ್ತಿದ್ದರು. ಬರೆಯ ತಿರುವಿನಲ್ಲಿ ಅವರು ಮರೆಯಾದರು. ಶಾಹಿದಾ ಅವರ ಹಿಂದೆ ಹೆಜ್ಜೆಯಿಟ್ಟವಳು ಇದ್ದಕ್ಕಿದ್ದಂತೆ ನಿಂತು ನನ್ನ ತೋಳು ಹಿಡಿದು ಎಳೆದಳು.

ದೊಡ್ಡ ಸದ್ದೇನೂ ಆಗಲಿಲ್ಲ. ಗೋಣಿಚೀಲದಿಂದ ಭತ್ತ ಸುರಿದ ಹಾಗೆ ಒಂದು ಸದ್ದು. ನಮ್ಮ ಕಣ್ಣೆದುರೇ ಬರೆ ಕುಸಿದು ದಾರಿಯನ್ನು ಮುಚ್ಚಿತು. ಅದರ ಮೇಲೆ ಒಂದು ಕಾಫಿ ಗಿಡ ಬೇರುಸಹಿತ ಜಾರಿ ಬಂದು ನೆಟ್ಟಗೆ ನಿಂತುಕೊಂಡಿತು.

"ಪೊನ್ನಪ್ಪನವರೇ!" ಎಂದು ಕೂಗಿದೆ. ಉತ್ತರವಿಲ್ಲ. ಶಾಹಿದಾಳೂ ಕೂಗಿದಳು. ಮಳೆಯ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ. ನಾನು ಕೊಡೆ ಬಿಸಾಕಿ ಮಣ್ಣಿನ ರಾಶಿಯ ಕಡೆ ಓಡಿದೆ. "ಹತ್ತಿರ ಹೋಗ್ಬೇಡಿ ಮೇಡಂ, ಮೇಲಿಂದ ಇನ್ನೂ ಬರಬಹುದು," ಎಂದು ಅವಳು ನನ್ನನ್ನು ತಬ್ಬಿ ಹಿಡಿದಳು. ಕೂಗು ಕೇಳಿ ಕುಶಾಲಪ್ಪ ಗುದ್ದಲಿ ಹಿಡಿದು ಕೆಳಗಿನಿಂದ ಓಡಿ ಬಂದರು. ಅವರು ಬರೆಯ ಕೆಳಗಿನ ತೋಟದೊಳಕ್ಕೆ ನುಗ್ಗಿ ಸುತ್ತುಹಾಕಿ ಆಚೆಗೆ ಹೋದರು. ಆ ಹೊತ್ತು ಎಷ್ಟಿತ್ತೋ ನನಗೆ ಗೊತ್ತಿಲ್ಲ. ಪೊನ್ನಪ್ಪನವರ ಹೆಂಡತಿಗೆ ಏನೆಂದು ಹೇಳುವುದು ಎಂಬುದೊಂದೇ ತಲೆಯಲ್ಲಿತ್ತು.

ಆಚೆಯಿಂದ ಕುಶಾಲಪ್ಪನ ದನಿ ಬಂತು: "ಇದ್ದಾರೆ! ಏನೂ ಆಗ್ಲಿಲ್ಲ!"

ನಾನು ಒದ್ದೆ ನೆಲದಲ್ಲೇ ಕುಳಿತೆ. ಶಾಹಿದಾ ಅಳುತ್ತಾ ನಗುತ್ತಿದ್ದಳು. ಪೊನ್ನಪ್ಪನವರು ತಿರುವು ದಾಟಿ ತೊರೆಯ ಪಕ್ಕ ತಲುಪಿದ್ದರಂತೆ. ನೀರಿನ ಸದ್ದಿಗೆ ನಮ್ಮ ಕೂಗೂ ಕೇಳಲಿಲ್ಲ, ಮಣ್ಣು ಬಿದ್ದದ್ದೂ ತಿಳಿಯಲಿಲ್ಲ. ಹಿಂದಿರುಗಿ ನೋಡಿದಾಗ ಬಂದ ದಾರಿಯೇ ಇರಲಿಲ್ಲ.

ಕುಶಾಲಪ್ಪ ಅವರನ್ನು ತೋಟದೊಳಗಿಂದ ಕೈಹಿಡಿದು ಮನೆಗೆ ಕರೆತಂದರು. ಹೆಂಡತಿಗೆ "ಇವ್ಕೆ ಬಿಸಿ ಕಾಫಿ ಕೊಡ್" ಎಂದರು. ಬೆಲ್ಲದ ಕಾಫಿ ಕುಡಿದ ಮೇಲೆ ಪುಷ್ಪಾವತಿ ನಮ್ಮನ್ನು ಊಟ ಮಾಡಿಸದೆ ಬಿಡಲಿಲ್ಲ. ಅಕ್ಕಿರೊಟ್ಟಿ, ಕಾಡುಮಾವಿನ ಹಣ್ಣಿನ ಗೊಜ್ಜು. ಅಷ್ಟು ಹೊಟ್ಟೆತುಂಬ ನಾನು ಉಂಡು ಎಷ್ಟೋ ದಿನವಾಗಿತ್ತು. ಗೊರಟೆ ಚೀಪುತ್ತಾ ಪೊನ್ನಪ್ಪನವರು ಹಿಂದಿನ ಗುಡ್ಡವನ್ನೇ ಕಿಟಕಿಯಿಂದ ನೋಡುತ್ತಿದ್ದರು. ಕೊನೆಗೆ ಕೈತೊಳೆದು ಬಂದು, "ಕುಶಾಲಪ್ಪ, ಈ ಕಾಲುವೆ ಕೆಲಸ ಬೇಡ ಮಾರಾಯ. ನಾನೇ ನಾಳೆ ಹೇಳ್ತೇನೆ," ಎಂದರು.

ಪುಷ್ಪಾವತಿ ಒಳಗೆ ಹೋಗಿ ಅತ್ತೆಗೆ ಸುದ್ದಿ ಹೇಳಿದ್ದು ಕೇಳಿಸಿತು. ಆ ಮುದುಕಿ ಕೋಲೂರಿಕೊಂಡು ಬಾಗಿಲವರೆಗೆ ಬಂದು ಪೊನ್ನಪ್ಪನವರ ಮುಖ ನೋಡಿ ಹೋದರು.

ಆ ರಾತ್ರಿ ಪೊನ್ನಪ್ಪನವರ ಮನೆಯಲ್ಲಿ ತಂಗಿ, ಮರುದಿನ ಬೆಳಿಗ್ಗೆ ಅವರ ಜೀಪಿನಲ್ಲೇ ಐಗೂರಿನ ಮೇಲೆ ಸೋಮವಾರಪೇಟೆಗೆ ಹೋದೆವು. ಹದಿನೈದು ಹದಿನಾರು ಕಿಲೋಮೀಟರ್ ದಾರಿ. ಮಳೆ ಬಿಟ್ಟು ಬಿಸಿಲು ಬಂದಿತ್ತು. ನನಗೆ ಬಿಸಿಲು ಕಂಡರೇ ಭಯ. ತೊರೆ ಬಿಟ್ಟರೆ ಉಳಿಯುವುದು ನಮ್ಮ ಗೋಮಾಳ. ದಾರಿಯಲ್ಲಿ ಒಮ್ಮೆ, ಯಾರಿಗೂ ತೊಂದರೆ ಬೇಡ, ಯೋಜನೆಯನ್ನೇ ಒಂದು ವರ್ಷ ಮುಂದೆ ಹಾಕಿ ಎಂದು ಕೇಳಿಬಿಡಲೇ ಎಂದುಕೊಂಡೆ. ಟಾರ್ಚು ಹಿಡಿದ ಸಿಸ್ಟರ್ ನೆನಪಾಗಿ ಆ ಯೋಚನೆ ಬಿಟ್ಟೆ.

ಸಂತೆಯ ದಿನವಾದ್ದರಿಂದ ಪೇಟೆಯಲ್ಲಿ ಜೀಪು ನುಗ್ಗಿಸಲು ಜಾಗವಿರಲಿಲ್ಲ. ಸೌತೆಕಾಯಿ, ಒಣಮೀನು, ಪ್ಲಾಸ್ಟಿಕ್ ಬಿಂದಿಗೆಗಳ ನಡುವೆ ನಡೆದು ಸಭೆಗೆ ಹೋದೆವು. ಇಪ್ಪತ್ತಕ್ಕೂ ಹೆಚ್ಚು ಪಂಚಾಯಿತಿಗಳವರು ಸೇರಿದ್ದರು. ಪೊನ್ನಪ್ಪನವರು ಎದ್ದು ನಿಂತು, ತಾವು ತಂದ ಯೋಜನೆಯನ್ನು ತಾವೇ ಬಿಡುತ್ತಿರುವುದಾಗಿ ಹೇಳಿದರು. "ಊರಿಗೆ ಬೆಳಕು ಕೊಡೋಕೆ ಹೋಗಿ ಒಂದು ಮನೆ ಮೇಲೆ ಗುಡ್ಡ ಹಾಕಿದೆ ಅನ್ನೋ ಮಾತು ನನಗೆ ಬೇಡ," ಎಂದು ಕುಳಿತರು. ಮಣ್ಣು ಬಿದ್ದ ಬಗೆಯನ್ನು ಶಾಹಿದಾ ವಿವರಿಸಿ, ಆ ಗುಡ್ಡವನ್ನು ಮುಟ್ಟಬಾರದೆಂದಳು. ಸಭೆ ನಡೆಸುತ್ತಿದ್ದ ಹಿರಿಯ ಅಧಿಕಾರಿ ನನ್ನ ಕಡೆ ತಿರುಗಿದರು. ಎಲ್ಲರೂ ತಿರುಗಿದರು.

"ಊರಿನವರನ್ನು ಒಂದು ಮಾತು ಕೇಳಬೇಕು," ಎಂದು ಹೇಳಿ ಹೊರಗೆ ಬಂದು ಭಾವನಿಗೆ ಫೋನ್ ಮಾಡಿದೆ. ಹಿಂದಿನ ದಿನ ನಡೆದದ್ದನ್ನೆಲ್ಲ ಹೇಳಿದೆ. ಕುಶಾಲಪ್ಪನ ಮನೆ ಎರಡನೆಯದೆಂದೂ ಹೇಳಿದೆ. ಅವರು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ.

"ಮೊದಲನೇ ಮನೆ ಪೂರ್ತಿ ಹೋಯ್ತಾ?" ಎಂದು ಕೇಳಿದರು.

"ಪೂರ್ತಿ, ಭಾವ."

"ಇರು, ದನ ಇರೋರನ್ನೆಲ್ಲ ಕೇಳಿ ಹೇಳ್ತೀನಿ."

ಹೊರಗಿನ ಮೆಟ್ಟಿಲ ಮೇಲೆ ಕುಳಿತು ಕಾದೆ. ಸಂತೆಯಲ್ಲಿ ಯಾರೋ ಕೋಳಿಗೆ ಚೌಕಾಸಿ ಮಾಡುತ್ತಿದ್ದರು. ಪೊನ್ನಪ್ಪನವರು ಬಂದು ಪಕ್ಕದಲ್ಲಿ ಕುಳಿತರು. "ಗಿರಿಜಮ್ಮ, ನಮ್ಮ ಬೆಳೆಗಾರರ ಗೋದಾಮುಗಳ ಮೇಲೆ ದೊಡ್ಡ ದೊಡ್ಡ ಶೀಟಿನ ಮಾಡು ಉಂಟು, ಸೋಲಾರ್ ಹಾಸಬಹುದು. ನನ್ನದೂ ಸೇರಿಸಿ ಕೊಡಿಸ್ತೇನೆ. ನಿಮ್ಮ ಗೋಮಾಳದ ಭಾರ ಅಷ್ಟಾದರೂ ಇಳಿಯಲಿ," ಎಂದರು. ಅಷ್ಟು ವರ್ಷದ ಓಡಾಟವನ್ನು ಆಗಷ್ಟೇ ಬಿಟ್ಟುಕೊಟ್ಟು ಬಂದಿದ್ದ ಮನುಷ್ಯ ಅವರು. ನಾನು ತಲೆಯಾಡಿಸಿದೆ.

ಫೋನ್ ಬಂತು. ಭಾವನ ಹಿಂದೆ ನಾಲ್ಕೈದು ಜನ ಒಟ್ಟಿಗೆ ಮಾತಾಡುತ್ತಿದ್ದರು. "ಗೋಮಾಳದ ಮೇಲುಗಡೆ ಕಲ್ಲುಬೋರೆ ದಿಣ್ಣೆ ಇದೆಯಲ್ಲ, ಅದನ್ನ ತಗೊಳ್ಳಿ ಅನ್ನು. ಅಲ್ಲಿ ದನಕ್ಕೆ ಸಿಗೋದೂ ಅಷ್ಟರಲ್ಲೇ ಇದೆ. ಕೆರೆ ಕಡೆ ಮುಟ್ಟಂಗಿಲ್ಲ. ದನ ಓಡಾಡೋ ದಾರಿಗೆ ಬೇಲಿ ಹಾಕಂಗಿಲ್ಲ. ಇದನ್ನ ಎಲ್ಲರ ಮುಂದೇನೇ ಹೇಳು. ನಮ್ಮನ್ನ ಎಬ್ಬಿಸಿದ್ರು, ನಮಗಾಯ್ತು. ನಮ್ಮಿಂದ ಇನ್ನೊಬ್ರು ಏಳೋದು ಬೇಡ ಕಣವ್ವ."

ಒಳಗೆ ಹೋಗಿ ಅದೇ ಮಾತಿನಲ್ಲಿ ಹೇಳಿದೆ. ಕಲ್ಲುಬೋರೆಯೂ ಗೋದಾಮಿನ ಮಾಡುಗಳೂ ಸೇರಿದರೆ ಮೊದಲ ಹಂತಕ್ಕೆ ಸಾಕಾಗುತ್ತದೆಂದು ಶಾಹಿದಾ ಲೆಕ್ಕ ಹಾಕಿ ತಿಳಿಸಿದಳು. ಕರೆಂಟು ಕೂಡಿಟ್ಟುಕೊಳ್ಳುವ ಬ್ಯಾಟರಿಗಳಲ್ಲಿ ಮೊದಲನೆಯವು ಮಾದಾಪುರದ ಆಸ್ಪತ್ರೆಗೆ ಹೋಗಬೇಕೆಂದು ನಾನು ಪಟ್ಟು ಹಿಡಿದೆ. ಯಾರೂ ಎದುರು ಹೇಳಲಿಲ್ಲ. ಊಟದ ಹೊತ್ತಿಗೆ ಎಲ್ಲ ತೀರ್ಮಾನವಾಗಿ, ಅನ್ನ ಸಾರು ಬಡಿಸುವವರ ಸಾಲಿನಲ್ಲಿ ಜನ ಮತ್ತೆ ಮಳೆ, ಕಾಫಿ ರೇಟು, ಮದುವೆ ಎಂದು ಮಾತಾಡತೊಡಗಿದ್ದರು.

ಹಿಂದಿರುಗುವಾಗ ನಾವಿಬ್ಬರೂ ಮಾದಾಪುರದ ಮೇಲೆ ಹೋಗುವ ಬಸ್ಸನ್ನೇ ಹಿಡಿದೆವು. ಪೊನ್ನಪ್ಪನವರು ಕುಶಾಲಪ್ಪನ ಮನೆಗೆ ತಾವೇ ಹೋಗಿ ಹೇಳುವುದಾಗಿ ತಿಳಿಸಿ ಜೀಪಿನಲ್ಲಿ ಮೊದಲೇ ಹೊರಟಿದ್ದರು. ಮಾದಾಪುರದಲ್ಲಿ ಬಸ್ಸು ನಿಂತಾಗ ನಾನು ಕಿಟಕಿಯಿಂದ ಕತ್ತು ಹೊರಹಾಕಿ ಗುಡ್ಡದ ಕಡೆ ನೋಡಿದೆ. ಮಂಜು ಇಳಿದಿತ್ತು, ಏನೂ ಕಾಣಲಿಲ್ಲ. ಶಾಹಿದಾ ಆಗಲೇ ನಿದ್ದೆ ಹೋಗಿದ್ದಳು. ಸುಂಟಿಕೊಪ್ಪದವರೆಗೂ ಅವಳ ತಲೆ ನನ್ನ ಹೆಗಲ ಮೇಲಿತ್ತು.

ನಮ್ಮೂರ ಸ್ಟಾಪಿನಲ್ಲಿ ಇಳಿದಾಗ ಇನ್ನೂ ಬೆಳಕಿತ್ತು. ಭಾವ ಕೊಡೆ ಹಿಡಿದು ನಿಂತಿದ್ದರು. ಗೋಮಾಳದ ಮಾತು ತೆಗೆಯುತ್ತಾರೆಂದು ನಾನು ಮನಸ್ಸಿನಲ್ಲೇ ಉತ್ತರ ಜೋಡಿಸಿಕೊಂಡೆ.

"ಆ ಪೊನ್ನಪ್ಪನೋರಿಗೆ ಏಟೇನೂ ಬೀಳಲಿಲ್ಲ ತಾನೇ?" ಎಂದು ಕೇಳಿದರು.

"ಇಲ್ಲ ಭಾವ."

"ಸದ್ಯ," ಎಂದು ನನ್ನ ಕೈಯಿಂದ ಚೀಲ ತೆಗೆದುಕೊಂಡು ಮುಂದೆ ನಡೆದರು.