ಆಳುವವರಿಗಾಗಿ ಒಂದು ಪ್ರಾರ್ಥನೆ

ಸಿರುಗುಪ್ಪ ತಾಲ್ಲೂಕಿಗೆ ಬಂದ ಮೊದಲ ಭಾನುವಾರ, ಪರಿಚಯವೇ ಇಲ್ಲದ ಜನ ಕೈಯೆತ್ತಿ ನನಗಾಗಿ ಪ್ರಾರ್ಥಿಸುತ್ತಿದ್ದರು. "ನಮ್ಮೂರಿಗೆ ಹೊಸಾ ವಿಲೇಜ್ ಅಕೌಂಟೆಂಟ್ ಬರ್ತಾರಂತ. ಅವರಿಗೆ ನ್ಯಾಯದ ಬುದ್ಧಿ ಕೊಡು ತಂದೀ" ಎಂದು ಸಭೆ ಸೇರಿದ್ದ ಮನೆಯ ಒಡತಿ ಮರಿಯಮ್ಮ ಬೇಡುತ್ತಿದ್ದರು. ಆ ಅಧಿಕಾರಿ ಹಿಂದೆಯೇ ಕೂತಿದ್ದಾಳೆಂದು ಅವರಿಗೆ ತಿಳಿದಿರಲಿಲ್ಲ.

ಉಡುಪಿಯ ನಮ್ಮ ಚರ್ಚಿನಲ್ಲೂ ಆಳುವವರಿಗಾಗಿ ಪ್ರಾರ್ಥಿಸುತ್ತೇವೆ. ಆದರೆ ಆಗ ನನ್ನ ಮನಸ್ಸು ಮಧ್ಯಾಹ್ನದ ಮೀನುಸಾರಿನ ಮೇಲಿರುತ್ತಿತ್ತು. ಕರೂರು ಹೋಬಳಿಯ ಈ ಹಳ್ಳಿಯಲ್ಲಿ ಭತ್ತದ ಗದ್ದೆಯ ಕೂಲಿಯವರು ಮರಿಯಮ್ಮನ ಮನೆಯಲ್ಲೇ ಸೇರುತ್ತಾರೆ. ಹಾಡು ತೆಲುಗು, ಮಾತು ಕನ್ನಡ. ಆಳುವವರೆಂದರೆ ಅವರಿಗೆ ದೂರದ ದಿಲ್ಲಿಯಲ್ಲ, ಪಹಣಿ ಕೇಳಲು ಎದುರು ನಿಲ್ಲಬೇಕಾದ ನಾನು.

ಸಿರುಗುಪ್ಪದ ಬಾಡಿಗೆ ಮನೆಯಲ್ಲಿ ರೊಟ್ಟಿ ಬಡಿಯುವುದನ್ನು ಕಲಿತೆ. 'ಐತಿ', 'ಬರ್ರಿ' ನಾಲಗೆಗೆ ಹತ್ತಿದವು. ಅಷ್ಟರಲ್ಲಿ ಮರಿಯಮ್ಮನ ಮನೆಯ ಪ್ರಾರ್ಥನೆಯ ಮೇಲೆ ಯಾರೋ ದೂರು ಕೊಟ್ಟರು. ಅನುಮತಿ ಸಿಗುವವರೆಗೆ ಆ ಮನೆಯಲ್ಲಿ ಸಭೆ ಸೇರಕೂಡದೆಂದು ಮೇಲಿನಿಂದ ನೋಟಿಸು ಬಂತು. ಅದನ್ನು ಮುಟ್ಟಿಸಬೇಕಾದವಳು ನಾನೇ.

ಮರಿಯಮ್ಮನ ಮಗ ಸಮುವೇಲ ಕೆರಳಿದ. "ದೇವರ ಮಾತು ದೊಡ್ಡದೋ, ಈ ಕಾಗದ ದೊಡ್ಡದೋ? ನಮ್ಮ ಜೊತಿ ಪ್ರಾರ್ಥನಿ ಮಾಡೋರು ನೀವು, ಹೇಳ್ರಿ ಮೇಡಂ!"

ಅಧಿಕಾರವೆಲ್ಲ ದೇವರು ಕೊಟ್ಟದ್ದೆಂದು ಕಲಿಸಿದವರೇ, ಕೊನೆಗೆ ದೇವರ ಮಾತನ್ನೇ ಕೇಳಬೇಕೆಂದೂ ಕಲಿಸಿದ್ದರು. ಎರಡೂ ಒಟ್ಟಿಗೆ ಎದುರಾದರೆ ಏನು ಮಾಡಬೇಕೆಂದು ಹೇಳಿರಲಿಲ್ಲ.

ಮರಿಯಮ್ಮ ಹೆಬ್ಬೆಟ್ಟು ಒತ್ತಿದರು. "ಸುಮ್ಕಿರಲೇ. ಕೂಡಬ್ಯಾಡ್ರಿ ಅಂದ್ರ ಕೂಡಂಗಿಲ್ಲ, ಅರ್ಜಿ ಹಾಕೋಣು. ಪ್ರಾರ್ಥನಿ ಬಿಡ್ರಿ ಅಂದ್ರ ಮಾತ್ರ ಬಿಡಂಗಿಲ್ಲ. ಅದನ್ನ ಕೇಳಾಕ ಯಾವ ಸರ್ಕಾರಕ್ಕೂ ಹಕ್ಕಿಲ್ಲ."

ಸಭೆ ಸೇರಿದ್ದಾರೇನೆಂದು ಮುಂದಿನ ಭಾನುವಾರ ನೋಡಿ ಬರಲು ಮೇಲಧಿಕಾರಿ ನನ್ನನ್ನೇ ಕಳಿಸಿದರು. ಮರಿಯಮ್ಮನ ಮನೆಯಲ್ಲಿ ಮನೆಯವರಷ್ಟೇ ಇದ್ದರು. ಆದರೆ ಓಣಿಯ ಒಂದೊಂದು ಮನೆಯಿಂದಲೂ ಅದೇ ಹಾಡು ಕೇಳುತ್ತಿತ್ತು, ಒಬ್ಬರದು ಮುಂದೆ, ಇನ್ನೊಬ್ಬರದು ಹಿಂದೆ. ಯಾರ ಮನೆಗೂ ಹೋಗುವ ಧೈರ್ಯವಾಗದೆ ಓಣಿಯಲ್ಲೇ ನಿಂತು ಅತ್ತೆ. ಸಭೆ ಸೇರಿಲ್ಲವೆಂದು ಫೋನಿನಲ್ಲಿ ವರದಿ ಹೇಳಿದೆ. ಅದು ಸುಳ್ಳಾಗಿರಲಿಲ್ಲ.

ಅವರ ಅರ್ಜಿ ಹಿಡಿದು ನಾನೇ ಬಳ್ಳಾರಿಯವರೆಗೆ ಅಲೆದೆ. "ಇದು ನಿಮ್ಮ ಕೆಲಸ ಏನ್ರಿ?" ಎಂದು ಮೇಲಧಿಕಾರಿ ಗದರಿದರು. ಬೇಸಿಗೆಗೆ ಅನುಮತಿ ಬಂತು.

ಈಗ ಮತ್ತೆ ಎಲ್ಲರೂ ಚಾಪೆಯ ಮೇಲೆ ಒತ್ತೊತ್ತಾಗಿ ಕೂರುತ್ತಾರೆ. ನಾನು ಹೋದರೆ ಸಮುವೇಲ ಕುರ್ಚಿ ತಂದಿಡುತ್ತಾನೆ.

"ಬ್ಯಾಡಪಾ, ಕೆಳಗ ಕೂಡ್ತೀನಿ."

"ನೀವು ಸರ್ಕಾರದೋರು, ಕುರ್ಚಿ ಮ್ಯಾಲ ಕೂಡ್ರಿ."

ಉಡುಪಿಯ ಚರ್ಚಿನಲ್ಲಿ ನಾನು ಕೂರುತ್ತಿದ್ದ ಜಾಗದಲ್ಲಿ ಬೇರೆಯವರು ಕೂರುತ್ತಾರೆಂದು ಅಮ್ಮ ಹೇಳಿದಳು. ಇಲ್ಲಿ, ಎಲ್ಲರೂ ಕಣ್ಣು ಮುಚ್ಚಿದ ಮೇಲೆ ಮೆಲ್ಲಗೆ ಚಾಪೆಗಿಳಿಯುತ್ತೇನೆ. ಪ್ರಾರ್ಥನೆ ಮುಗಿದು ಕಣ್ಣು ತೆರೆದ ಕೂಡಲೇ ಸಮುವೇಲ ಕುರ್ಚಿಯತ್ತ ಕೈ ತೋರಿಸುತ್ತಾನೆ.